ಎರಡನೆಯ ಸಲ ಬಡಿದ ನಾಲ್ಕು ಗಂಟೆ

ಇಗರ್ಜಿಯ ಬೀಗದ ಕೈಯನ್ನು ಬ್ರೆಡ್ಡಿನ ಡಬ್ಬಿಯೊಳಗೆ ತುರುಕಿ ಓದಿಲೋನ್ ಮುಚ್ಚಳ ಒತ್ತುತ್ತಿದ್ದ. ಗೇಣುದ್ದದ ಕಬ್ಬಿಣದ ಕೈ, ಮುಚ್ಚಳ ಕೂರಲಿಲ್ಲ. ಹೊರಗೆ ಯಾರೋ ಬಾಗಿಲು ಬಡಿಯುತ್ತಲೇ ಇದ್ದರು.

"ಒಳಗೇ ಇದಾನೆ, ಇನ್ನೂ ಜೋರಾಗಿ ಬಡೀರಿ," ಎಂದು ಪಕ್ಕದ ಬೇಕರಿಯವಳಾದ ಫೆರ್ನಾಂದ್ ಬಂದವರಿಗೆ ಹೇಳುವುದು ಕೇಳಿಸಿತು. "ಓದಿಲೋನ್, ತೆಗಿಯೋ. ಹನ್ನೊಂದು ವಾರ ಆಯ್ತು. ನರಕದಲ್ಲಿ ನಮ್ಮ ಮುತ್ತಜ್ಜನಿಗೆ ಒಬ್ಬನೇ ಕೂತು ಬೇಜಾರಾಗಿದೆ."

ಎದುರಿನ ಇಗರ್ಜಿಯ ಗೋಡೆಯ ಮೇಲೆ ಐನೂರು ವರ್ಷ ಹಳೆಯ ನರಕದ ಚಿತ್ರವಿದೆ. ತೂಕದಲ್ಲಿ ಮೋಸ ಮಾಡಿದ ರೊಟ್ಟಿಯವನೊಬ್ಬನನ್ನು ಅದರಲ್ಲಿ ಪಿಶಾಚಿ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಿದೆ. ಅವನು ಫೆರ್ನಾಂದಳ ವಂಶದವನೆಂಬುದು ವೆರ್ನಸಾಕ್ ಊರಿನ ಹಳೆಯ ತಮಾಷೆ. ಅವಳೂ ಅದನ್ನು ಬಿಟ್ಟುಕೊಡುವುದಿಲ್ಲ. ಚಿತ್ರ ನೋಡಲು ಬಂದವರು ಇಗರ್ಜಿಯ ಬಾಗಿಲಿನ ಚೀಟಿ ಓದಿ, ಚೌಕ ದಾಟಿ ಇಲ್ಲಿಗೇ ಬರುತ್ತಾರೆ: ಬೀಗದ ಕೈ ಎದುರು ಮನೆಯಲ್ಲಿ. ಇಪ್ಪತ್ತಾರು ವರ್ಷ ಓದಿಲೋನನೇ ಬಾಗಿಲು ತೆಗೆದು ತೋರಿಸಿದ್ದ. ಹೆಂಡತಿ ಸೊಲಾಂಜ್ ಸತ್ತ ದಿನದಿಂದ ತೆಗೆದಿಲ್ಲ.

ಅವತ್ತು ಮೂರೂವರೆಗೆ ಗಂಡ ಹೆಂಡತಿ ಇಬ್ಬರು ಬಂದಿದ್ದರು. ಸೊಲಾಂಜ್ ಹಾಸಿಗೆ ಹಿಡಿದು ನಾಲ್ಕು ತಿಂಗಳಾಗಿತ್ತು. "ಹೋಗು, ಪಾಪ, ದೂರದಿಂದ ಬಂದಿದಾರೆ," ಅಂದಳು. "ನಾಲ್ಕು ಗಂಟೆ ಎರಡನೇ ಸಲ ಬಡಿಯೋದ್ರೊಳಗೆ ಬಂದ್ಬಿಡು. ಆ ರೊಟ್ಟಿಯವನ ಕಥೆ ಶುರು ಹಚ್ಕೊಂಡ್ರೆ ನಿಂಗೆ ಹೆಂಡತಿ ಇದಾಳೆ ಅನ್ನೋದೇ ಮರೆತುಹೋಗುತ್ತೆ."

ಈ ಊರಿನ ಗಡಿಯಾರ ಪ್ರತಿ ಗಂಟೆಯನ್ನೂ ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಬಡಿಯುತ್ತದೆ. ದ್ರಾಕ್ಷಿ ತೋಟದಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಮೊದಲ ಸಲ ಎಣಿಕೆ ತಪ್ಪಿದರೂ ಚಿಂತೆಯಿಲ್ಲ. ಬಿಸಿಲು ಬೀಳದಿರಲೆಂದು ಓದಿಲೋನ್ ಅವಳ ಮಂಚದ ಪಕ್ಕದ ಕಿಟಕಿಯ ಮರದ ಬಾಗಿಲುಗಳನ್ನು ಎಳೆದು ಮುಚ್ಚಿ ಹೊರಟ. ನಾಲ್ಕು ಬಡಿಯಿತು. ಇನ್ನೊಮ್ಮೆ ಬಡಿಯಿತು. ಅವನು ರೊಟ್ಟಿಯವನ ಕಥೆ ಹೇಳುತ್ತಲೇ ಇದ್ದ. ಮನೆಗೆ ಬಂದಾಗ ನಾಲ್ಕೂವರೆ.

"ನಿದ್ದೆಯಲ್ಲೇ ಹೋಗಿದಾರೆ. ಏನೂ ಗೊತ್ತಾಗಿರಲ್ಲ," ಅಂದಿದ್ದರು ಡಾಕ್ಟರು.

ಆ ಒಂದು ಮಾತು ಹಿಡಿದುಕೊಂಡು ಅವನು ಹನ್ನೊಂದು ವಾರ ಉಂಡಿದ್ದ, ಮಲಗಿದ್ದ, ಎದ್ದಿದ್ದ. ಅವತ್ತು ಅವನು ಮನೆಗೆ ಬಂದಾಗ ಕಿಟಕಿ ಮಾತ್ರ ತೆರೆದಿತ್ತು. ಗಾಳಿಗಿರಬೇಕು. ಕೊಕ್ಕೆ ಹಾಕಲು ತಾನೇ ಮರೆತಿರಬೇಕು.

ಅವನು ಬಾಗಿಲು ತೆಗೆದ. ಅವರೇ. ಲೀಲ್ ಪಟ್ಟಣದ ಅದೇ ದಂಪತಿ, ಕ್ಲೋದೆತ್ ಮತ್ತು ಗಿಲೆಂ.

"ಇಗರ್ಜಿ ತೆಗೆಯಲ್ಲ," ಅಂದ ಓದಿಲೋನ್.

"ಅಯ್ಯೋ, ಬೇಡಿ ಮೆಸ್ಯೂ," ಅಂದಳು ಕ್ಲೋದೆತ್. "ನಾವು ನಿಮ್ಮನ್ನ ನೋಡೋಕೇ ಬಂದಿದ್ದು. ನೆನಪಿದೆಯಾ, ಅವತ್ತು ನಾಲ್ಕೂವರೆ ತನಕ ನಿಮ್ಮನ್ನ ಬಿಡಲೇ ಇಲ್ಲ ನಾವು."

"ಬಿಡದೇ ಇದ್ದಿದ್ದು ಅವರು ಕಣೇ," ಎಂದು ಗಿಲೆಂ ನಕ್ಕ.

ಇವರು ಆ ದಿನದವರೆಂದು ತಿಳಿದದ್ದೇ ಫೆರ್ನಾಂದಳ ಮುಖದ ನಗು ಇಳಿದುಹೋಯಿತು. ಹಿಂದಿನಿಂದ ಕ್ಲೋದೆತಳ ತೋಳು ಮುಟ್ಟಿದಳು. ಕ್ಲೋದೆತ್ ಗಮನಿಸಲಿಲ್ಲ, ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ಚೌಕದ ಮೇಲೆ ನಾಲ್ಕು ಬಡಿಯಿತು.

ಅವಳು ಹೊರತೆಗೆದದ್ದು ಅಂಗೈ ಎರಡರಷ್ಟು ದೊಡ್ಡದಾದ ಫೋಟೋ. ಇಗರ್ಜಿಯ ಒಳಗಿನ ಕತ್ತಲಿನಿಂದ ಬಾಗಿಲ ಕಡೆಗೆ ತೆಗೆದದ್ದು. ಮುಂದೆ ಓದಿಲೋನ್, ಪಿಶಾಚಿಯ ಹಾಗೆ ಹೆಗಲು ಬಗ್ಗಿಸಿ, ಬಾಯ್ತುಂಬ ನಗುತ್ತ. ಅವನ ಬೆನ್ನ ಹಿಂದೆ ತೆರೆದ ಬಾಗಿಲು, ಬಿಸಿಲಿನ ಚೌಕ, ಅವನ ಮನೆ.

"ಎಷ್ಟು ಚೆನ್ನಾಗಿ ನಗ್ತಿದೀರಿ ನೋಡಿ. ಮೊನ್ನೆ ದೊಡ್ಡದು ಮಾಡಿಸಿದಾಗಲೇ ನಮಗೆ ಇದು ಕಾಣಿಸಿದ್ದು." ಅವಳ ಬೆರಳು ಮನೆಯ ಕಿಟಕಿಯ ಮೇಲೆ ನಿಂತಿತು. "ಇಲ್ಲಿ. ಯಾರೋ ನಿಮಗೆ ಕೈ ಬೀಸ್ತಿದಾರೆ. ನಿಮ್ಮನೆಯವರಾ?"

ಕಿಟಕಿಯ ಮರದ ಬಾಗಿಲನ್ನು ತಳ್ಳಿಕೊಂಡು ಮೊಣಕೈವರೆಗೆ ಹೊರಬಂದಿದ್ದ ಬಿಳಿಯ ತೋಳು.

"ಅದು ಪರದೆ," ಅಂದ ಓದಿಲೋನ್. "ಗಾಳಿಗೆ ಹಾರಿದೆ."

ಗಿಲೆಂ ಕನ್ನಡಕ ಮೇಲೇರಿಸಿ ಬಗ್ಗಿದ. "ಪರದೆಗೆ ಬೆರಳಿರುತ್ತಾ ಮೆಸ್ಯೂ? ಎಣಿಸಿ ಬೇಕಾದ್ರೆ."

"ಅದನ್ನ ಒಳಗಿಡಿ," ಅಂದಳು ಫೆರ್ನಾಂದ್, ಸಣ್ಣ ದನಿಯಲ್ಲಿ.

ಗಡಿಯಾರ ಎರಡನೆಯ ಸಲ ಬಡಿಯತೊಡಗಿತು. ಓದಿಲೋನ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ತಗೊಳ್ಳಿ," ಎಂದು ಕ್ಲೋದೆತ್ ಫೋಟೋವನ್ನು ಇನ್ನಷ್ಟು ಮುಂದೆ ಚಾಚಿದಳು. "ನಿಮಗೇ ಅಂತ ಮಾಡಿಸಿದ್ದು."

"ಬೇಡ," ಅಂದ ಓದಿಲೋನ್.