ತತತಟ್ಟು

ಗ್ರಂಥಾಲಯದ ಮೇಡಂ ಸೈಕಲ್ ರಿಪೇರಿ ಅಂಗಡಿಗೇ ಬಂದು, "ಹಳೇ ಆಟಗಳ ಪ್ರದರ್ಶನ ಇಟ್ಕೊಂಡಿದ್ದೀವಿ. ತತತಟ್ಟು ಆಟ ಶುರು ಮಾಡಿದ್ದು ನೀವೇ ಅಂತೆ. ಬಂದು ಮಕ್ಕಳಿಗೆ ಹೇಳ್ಬೇಕು" ಎಂದಾಗ ಸೈಕಲ್ ಮಾವ ಆಗಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಅರವತ್ತು ದಾಟಿದವನನ್ನು ಯಾರಾದರೂ ಹೊಗಳಿದರೆ ಉಬ್ಬದೇ ಇರುತ್ತಾನೆಯೇ? ಕೈಯ ಗ್ರೀಸ್ ಒರೆಸಿಕೊಳ್ಳುತ್ತಲೇ ಒಪ್ಪಿಬಿಟ್ಟ.

ಆಟ ಬಲು ಸುಲಭ. ಸೋಡಾ ಬಾಟಲಿಯ ಮುಚ್ಚಳಗಳನ್ನು ಕೂಡಿಹಾಕಬೇಕು, ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ ಪೇರಿಸಬೇಕು, ಇನ್ನೊಂದು ಮುಚ್ಚಳದಿಂದ ಹೊಡೆಯಬೇಕು. ಮಗುಚಿದ್ದೆಲ್ಲ ಹೊಡೆದವರ ಪಾಲು. ಹೊಡೆಯುವ ಮುನ್ನ "ತ-ತ-ತಟ್ಟು" ಎನ್ನಲೇಬೇಕು, ಮರೆತರೆ ಔಟ್. ಹಾಗೇಕೆ ಎಂದು ಯಾರಾದರೂ ಕೇಳಿದರೆ, "ಕೈ ನಡುಗದೇ ಇರ್ಲಿ ಅಂತ" ಎಂದು ಅವನು ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಹಸಿ ಸುಳ್ಳು.

ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಮುಚ್ಚಳ ತುಂಬಿದ ಹಳೇ ಬಿಸ್ಕತ್ ಡಬ್ಬ ಹಿಡಿದು ಹೋದ. ಮಕ್ಕಳೆದುರು ಜಂಬದಿಂದ ಗಂಟಲು ಸರಿಮಾಡಿಕೊಂಡವನ ಕಣ್ಣಿಗೆ ಮೂರನೇ ಸಾಲಿನ ಹೆಂಗಸು ಬಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆದರೆ ಎರಡೂ ಕೈ ಮಡಿಲಲ್ಲಿಟ್ಟು ಕೂರುವ ರೀತಿ ಹಾಗೇ ಇತ್ತು. ಸೋಡಾ ಅಂಗಡಿಯವರ ಮಗಳು!

ಅಂಗಡಿಯ ಹಿಂದೆ ಮುಚ್ಚಳ ಪೇರಿಸಿ ಆಟ ಕಟ್ಟಿದವಳು ಅವಳು. ಅವಳಿಗೆ ಮಾತು ತೊದಲುತ್ತಿತ್ತು. ಸರದಿ ಬಂದಾಗ "ತಟ್ಟು" ಎನ್ನಲು ಹೋಗಿ "ತ-ತ-ತಟ್ಟು" ಎನ್ನುತ್ತಿದ್ದಳು. ಒಂಬತ್ತು ವರ್ಷದ ಈ ಮಹಾನುಭಾವ ಒಂದು ದಿನ ಅದನ್ನೇ ಅಣಕಿಸಿದ. ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ಅಮಲಿನಲ್ಲಿ, "ಇನ್ಮೇಲೆ ಎಲ್ರೂ ಹಿಂಗೇ ಅನ್ಬೇಕು, ಅನ್ನದಿದ್ರೆ ಔಟ್" ಎಂದು ನಿಯಮವನ್ನೂ ಮಾಡಿದ. ಅವಳು ನಾಲ್ಕು ದಿನ ಸಹಿಸಿಕೊಂಡಳು. ಐದನೇ ದಿನ ತನ್ನ ಡಬ್ಬವನ್ನು ಅವನ ಮುಂದಿಟ್ಟು ಹೊರಟುಹೋದಳು, ಮತ್ತೆ ಬರಲಿಲ್ಲ. ಈಗ ಅವನ ಕೈಯಲ್ಲಿದ್ದದ್ದು ಅದೇ ಡಬ್ಬ.

"ತಾತ, ತ-ತ-ತಟ್ಟು ಅಂತ ಮೊದ್ಲು ಅಂದಿದ್ದು ಯಾರು?" ಮುಂದಿನ ಸಾಲಿನ ಹುಡುಗಿ ಕೇಳಿದಳು.

ಹಳೇ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಮೂರನೇ ಸಾಲಿನಿಂದ ಅವಳು ನೋಡುತ್ತಿದ್ದಳು.

"ನಾ... ನಾ... ನಾನು..." ಎಂದ. ಆಟವಾಡಿಸುತ್ತಿದ್ದಾನೆಂದು ಮಕ್ಕಳು ಗೊಳ್ಳೆಂದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ.

"ಆಟ ನಂದಲ್ಲ," ಎಂದ ಕೊನೆಗೂ. "ಅಲ್ಲಿ ಕೂತಿದ್ದಾರಲ್ಲ, ಅವರದು. ಹೆಸರಿಟ್ಟಿದ್ದು ಮಾತ್ರ ನಾನು. ಅವರನ್ನ ಅಣಕಿಸೋಕೆ."

ಮೇಡಂ ತಲೆ ತಗ್ಗಿಸಿದರು. ಅವನು ಹೋಗಿ ಡಬ್ಬವನ್ನು ಅವಳ ಮಡಿಲಲ್ಲಿಟ್ಟ. "ತಪ್ಪಾಯ್ತು," ಎಂದ. ಅದಕ್ಕಿಂತ ದೊಡ್ಡ ಮಾತು ಅವನಿಗೆ ಸಿಗಲಿಲ್ಲ.

ಅವಳು ಡಬ್ಬದ ಅಂಚನ್ನು ಸವರಿದಳು. "ನಾ-ನಾನು ಈ ಊರು ಬಿಟ್ಟು ಎಲ್ಲಿ ಹೋದ್ರೂ, ಬೀ-ಬೀದೀಲಿ ಮಕ್ಕಳು ಅದನ್ನೇ ಕೂಗ್ತಿದ್ರು," ಎಂದಳು. ಕೋಪವಿರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ, ಮಕ್ಕಳು ಪ್ರದರ್ಶನದ ಮುಚ್ಚಳಗಳನ್ನು ಪೇರಿಸಿಕೊಂಡು ಆಡತೊಡಗಿದ್ದ ಜಗಲಿಯಿಂದ "ತ-ತ-ತಟ್ಟು!" ಎಂಬ ಕೂಗು ಕೇಳಿತು. ಸೈಕಲ್ ಮಾವ ಎದ್ದುಬಿದ್ದು ಹೊರಗೋಡಿದ.

"ಬೇಡ್ರಪ್ಪಾ, ಹಂಗನ್ಬೇಡಿ. ಸುಮ್ನೆ ಹೊಡೀರಿ ಸಾಕು."

ಮುಚ್ಚಳ ಎತ್ತಿ ಹಿಡಿದಿದ್ದ ಪುಟ್ಟಿಯೊಬ್ಬಳು ಅವನನ್ನು ವಿಚಿತ್ರವಾಗಿ ನೋಡಿದಳು.

"ಅನ್ನದಿದ್ರೆ ಔಟ್ ಅಲ್ವಾ, ತಾತ?"