ರಾಜನಿಗೆ ಒಂದೇ ಜಿಗಿತ

ನಮ್ಮವರು ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ನನ್ನದೇ ಕೆಲಸದ ವೀಸಾ ಇದ್ದುದರಿಂದ ನಾನು ಊರಿಗೆ ಹೋಗದೆ ಗಲ್ಫಿನಲ್ಲೇ, ಅಲ್ ಅಜೈಬಾದ ಮನೆಯಲ್ಲೇ ಉಳಿದಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ಸಿರಿಲ್ ಬಂದ. ಅವನೂ ನಮ್ಮವರೂ ಖುರುಮಿನ ಒಂದೇ ಆಫೀಸಿನವರು. ಇಬ್ಬರೂ ಸೇರಿ ಚೆಸ್ ಪ್ರೋಗ್ರಾಂ ಬರೆದು, ಯಾರು ಬೇಕಾದರೂ ತಿದ್ದಿಕೊಳ್ಳಲಿ ಎಂದು ಅದರ ಕೋಡನ್ನೇ ಇಂಟರ್‌ನೆಟ್ಟಿಗೆ ಹಾಕಿದ್ದರು. ತೊಂಬತ್ತೆಂಟರ ಹುಚ್ಚು ಅದು. ಹಗಲಿರುಳು ಅದರ ಮುಂದೆ ಕೂರುತ್ತಾರೆಂದು ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಈಗ ಆ ಕುರ್ಚಿ ಖಾಲಿ.

"ಹರಿಣಾಕ್ಷಿ ಅಕ್ಕಾ, ಹೊಸ ವರ್ಶನ್ ಬಿಡ್ಬೇಕು. ಏನೇನು ಸರಿ ಮಾಡುವುದು ಅಂತ ಪಟ್ಟಿ ತಂದಿದ್ದೇನೆ."

"ಮೊದಲು ಆ ರಾಜನ ಕಳ್ಳಾಟ ತೆಗಿ ಮಾರಾಯ."

ನಮ್ಮವರ ಊರಿನ ಚದುರಂಗದಲ್ಲಿ, ಒಮ್ಮೆಯೂ ಚೆಕ್ ಬೀಳದ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದಂತೆ. ನಾನು ಗೆಲ್ಲುವ ಹೊತ್ತಿಗೇ ಆ ಕಾನೂನು ಅವರಿಗೆ ನೆನಪಾಗುತ್ತಿತ್ತು. ಅವರ ಕಂಪ್ಯೂಟರೂ ಅದನ್ನೇ ಕಲಿತಿತ್ತು.

ಸಿರಿಲ್ ಪೆಚ್ಚಾದ. "ಹಾರುವುದಾ? ನಾನು ಇನ್ನೂರು ಆಟ ಆಡಿದ್ದೇನೆ ಅಕ್ಕಾ. ಒಮ್ಮೆಯೂ ಹಾರಿಲ್ಲ."

ಗಂಡ ಸತ್ತವಳ ಮಾತು ಕೇಳುವ ಮುಖ ಮಾಡಿದ. ನನಗೆ ಸಿಟ್ಟು ಬಂತು. ಕುರ್ಚಿ ಎಳೆದು ಕೂತು, ನನ್ನ ಹೆಸರು ಟೈಪ್ ಮಾಡಿ ಆಟ ಶುರು ಮಾಡಿದೆ. ಅರ್ಧ ಗಂಟೆಯಾದ ಮೇಲೆ ಇನ್ನೇನು ಸಿಕ್ಕಿಬಿದ್ದ ಅನ್ನುವಾಗ, ರಾಜ ಕಾಲಾಳಿನ ತಲೆಯ ಮೇಲಿಂದ ಟಕ್ಕನೆ ಹಾರಿದ. ಮೊದಲೆಲ್ಲ ಹೀಗೆ ಹಾರಿದಾಗ ನಮ್ಮವರು ಬೆನ್ನ ಹಿಂದೆ ನಿಂತು ಕಿಸಕ್ಕನೆ ನಗುತ್ತಿದ್ದರು. ತಿರುಗಿ ನೋಡಿಯೇಬಿಟ್ಟೆ. ಅಡುಗೆಮನೆಯ ಪರದೆ ಸುಮ್ಮನೆ ಅಲ್ಲಾಡುತ್ತಿತ್ತು. ಕತ್ತಿನ ಹಿಂದೆ ತಣ್ಣಗಾಯಿತು.

ಸಿರಿಲ್ ಕೋಡ್ ತೆರೆದು ಹುಡುಕಿದ. ಊರಿಗೆಲ್ಲ ತೆರೆದಿಟ್ಟದ್ದನ್ನು ನಾನು ಓದಿರಲಿಲ್ಲ; ನಮ್ಮವರು ಬರೆದ ಈ ಭಾಗವನ್ನು ಸಿರಿಲ್ ಕೂಡ ನೋಡಿರಲಿಲ್ಲ. ಎದುರಾಡುವವರ ಹೆಸರು ಹರಿಣಾಕ್ಷಿ ಆಗಿದ್ದರೆ ಮಾತ್ರ ರಾಜನಿಗೆ ಒಂದು ಜಿಗಿತ ಎಂದಿತ್ತು. ಕೆಳಗೆ ಅವರದೇ ಟಿಪ್ಪಣಿ: 'ಮುಂದೆ ಮಾಡಬೇಕಾದ್ದು: ಇವಳು ಒಂದು ಸಲ ಗೆದ್ದ ದಿನ ಇದನ್ನು ತೆಗೆಯುವುದು.'

"ಎರಡು ಸಾಲು ಅಕ್ಕಾ. ಅಳಿಸಿದರೆ ಖಲಾಸ್. ತೆಗೀಲಾ?"

ನಾನು ಮತ್ತೆ ಆಟಕ್ಕೆ ಮರಳಿದೆ. ರಾಜನ ಜಿಗಿತ ಮುಗಿದಿತ್ತು. ನನ್ನ ಕುದುರೆ ಒಂದು ಹೆಜ್ಜೆ ಇಟ್ಟರೆ ಚೆಕ್‌ಮೇಟ್. ಮದುವೆಯಾಗಿ ಹನ್ನೊಂದು ವರ್ಷ, ಒಂದು ಸಲವೂ ಅವರನ್ನು ಗೆದ್ದವಳಲ್ಲ. ಕುದುರೆಯನ್ನು ಮುಟ್ಟಲಿಲ್ಲ. ಸೋಲು ಒಪ್ಪುವ ಬಟನ್ ಒತ್ತಿದೆ.

"ಅಯ್ಯೋ ಅಕ್ಕಾ, ಗೆದ್ದ ಆಟ ಅಲ್ವಾ ಅದು!"

"ಅವರು ಬರೆದದ್ದು ಓದಿದೆಯಲ್ಲ ಸಿರಿಲ್. ನಾನಿನ್ನೂ ಗೆದ್ದಿಲ್ಲ."