ಜಾರಿದ ಉಳಿ

ನೆಲ ಎಷ್ಟು ಹೊಳೆಯುತ್ತಿದೆಯೆಂದರೆ ಲೀಟಿಯಾಳ ಕಾಲು ತಾನಾಗಿಯೇ ತಡೆಯಿತು, ವಸಂತದಲ್ಲಿ ಮೇಲೆ ನೀರು ನಿಂತ ಸಮುದ್ರದ ಮಂಜುಗಡ್ಡೆಯೂ ಹೀಗೇ ಹೊಳೆಯುತ್ತದೆ, ಕಾಲಿಡುವ ಮೊದಲು ಕೋಲಿನಿಂದ ಕುಟ್ಟಿ ನೋಡಬೇಕು — ಮ್ಯೂಸಿಯಮ್ಮಿನ ನೆಲ ಕಣೇ ಇದು, ಒಡೆಯುವುದಿಲ್ಲ, ಅರವತ್ತಮೂರು ವರ್ಷದವಳು ಇಷ್ಟು ಜನರ ನಡುವೆ ನೆಲ ತಡವುತ್ತ ನಿಂತರೆ ಏನಂದುಕೊಂಡಾರು — ಬಾಫಿನ್ ದ್ವೀಪದ ತನ್ನೂರಿನಿಂದ ಎರಡು ವಿಮಾನ ಬದಲಿಸಿ ಬಂದವಳಿಗೆ ಇನ್ನೂ ಕಿವಿ ಗುಂಯ್ ಎನ್ನುತ್ತಿದೆ, ಆದರೂ ಗೋಡೆಯ ತುಂಬ ಊರಿನವರೇ ಕಲ್ಲಿನಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಅಚ್ಚುಚಿತ್ರಗಳು, ನೆಂಟರ ಮನೆಗೆ ನುಗ್ಗಿದ ಹಾಗೆ ಆಗುತ್ತಿದೆ, ಅಗೋ ಚಿಕ್ಕಪ್ಪನ ಗೂಬೆ, ಶಾಯಿ ಜಾಸ್ತಿ ಬಳಿದನೆಂದು ಅವನು ಎಷ್ಟು ಬೈಸಿಕೊಂಡಿದ್ದ, ಈಗ ನೋಡು, ಚಿನ್ನದ ಚೌಕಟ್ಟಿನಲ್ಲಿ ಕೂತು ಎಲ್ಲರನ್ನೂ ದುರುಗುಟ್ಟುತ್ತಿದೆ, ನಗು ಬರುತ್ತದೆ, ನಗಬಾರದು, ಇಲ್ಲಿ ಎಲ್ಲರೂ ಪ್ರಾರ್ಥನೆಗೆ ಬಂದವರಂತೆ ಪಿಸುಗುಡುತ್ತಿದ್ದಾರೆ. ಸಿಯಾಸಿ ಬಂದಿರಬಹುದೇ, ಇದೇ ನಗರದಲ್ಲಿ ಅವಳ ಮನೆ, ಹನ್ನೊಂದು ವರ್ಷ ಮಾತಿಲ್ಲದ ತಂಗಿ, ಅಮ್ಮನನ್ನು ಮಣ್ಣು ಮಾಡಿದ ದಿನವೂ ಬರಲಿಲ್ಲ, ಬಿರುಗಾಳಿಗೆ ವಿಮಾನ ಇಳಿಯಲಿಲ್ಲ ಎಂದರು, ಇಳಿದಿದ್ದರೂ ಬರುತ್ತಿದ್ದಳೋ ಇಲ್ಲವೋ, ಬಂದರೆ ಬರಲಿ, ಬರದಿದ್ದರೆ — ಲೀಟಿಯಾ ಬಾಗಿಲ ಕಡೆ ನೋಡಿದ್ದು ಇದು ಏಳನೆಯ ಸಲ.

ಕನ್ನಡಕದ ಹುಡುಗಿ, ಪ್ರದರ್ಶನದ ಮೇಲ್ವಿಚಾರಣೆ ಅವಳದೇ, ಗುಂಪನ್ನು ಕರೆದುಕೊಂಡು ಅಮ್ಮ ಬರೆದ ಚಿತ್ರದ ಮುಂದೆ ನಿಂತಳು, ಒಂದೇ ತುಪ್ಪಳದ ಅಂಗಿಯ ಕೊರಳಿನಿಂದ ಎರಡು ತಲೆ ಹೊರಬಂದಿವೆ, ಒಂದರ ಮೂಗು ಸಣ್ಣದು, ಇನ್ನೊಂದರದು ಇಷ್ಟುದ್ದ, ನೋಡಿ ಇದು ಎರಡು ತಲೆಯ ಆತ್ಮ, ಈ ಉದ್ದ ಮೂಗಿಂದ ಹಿಮದ ವಾಸನೆ ಹಿಡಿದು ಬೇಟೆಗಾರರಿಗೆ ದಾರಿ ತೋರಿಸುತ್ತೆ ಅನ್ನಿಸುತ್ತೆ, ಅಂದಳು ಹುಡುಗಿ, ಗುಂಪು ತಲೆದೂಗಿತು, ಲೀಟಿಯಾ ತುಟಿ ಕಚ್ಚಿಕೊಂಡಳು, ಆತ್ಮವಂತೆ, ಮಂಜುಗಡ್ಡೆಯ ಬಿರುಕಿನ ನೀರಿನಲ್ಲಿ ಸೊಂಟದವರೆಗೆ ಮುಳುಗಿ ಬೊಬ್ಬೆ ಹೊಡೆದ ಆರು ವರ್ಷದ ಸಿಯಾಸಿ ಅದು, ಅವಳ ಒದ್ದೆ ಅಂಗಿ ಕಿತ್ತೆಸೆದು ತನ್ನ ಅಂಗಿಯೊಳಗೇ ಎಳೆದುಕೊಂಡಿದ್ದು ಲೀಟಿಯಾ, ಹಲ್ಲು ಕಟಕಟ, ಅಕ್ಕ ನಿನ್ ಹೊಟ್ಟೆ ಬಿಸಿ ಇದೆ ಅಕ್ಕ, ನಾಯಿಬಂಡಿ ಓಡಿಸಿಕೊಂಡು ಬಂದ ಅಮ್ಮ ಎರಡು ತಲೆಯ ಮಗಳನ್ನು ನೋಡಿ ಮೊದಲು ಅತ್ತಳು, ಆಮೇಲೆ ಹಿಮದ ಮೇಲೆ ಕುಸಿದು ಕೂತು ನಕ್ಕಳು, ಎಷ್ಟೋ ವರ್ಷದ ಮೇಲೆ ಅದನ್ನೇ ಪೆನ್ಸಿಲಿನಲ್ಲಿ ಬರೆದು ಕೊಟ್ಟಳು, ಕಲ್ಲಿಗೆ ಇಳಿಸು ಮಗಳೇ. ಅದೇ ವಾರ ಸಿಯಾಸಿ ರಜಕ್ಕೆ ಊರಿಗೆ ಬಂದಿದ್ದಳು, ಕೆತ್ತುವ ಶೆಡ್ಡಿನ ಬಾಗಿಲಲ್ಲಿ ನಿಂತು, ಅಯ್ಯೋ ನಿನ್ನ ಕೈ ನೋಡೇ ಅಕ್ಕ, ಗಂಡಸರ ಕೈ ಆಗಿದೆ, ಮುಟ್ಟಿದ್ರೆ ಗೀರುತ್ತೆ, ಎಲ್ಲರೂ ನಕ್ಕರು, ಲೀಟಿಯಾ ನಗಲಿಲ್ಲ, ಮರುದಿನ ಉಳಿ ಹಿಡಿದವಳು ಅಮ್ಮ ಬರೆದ ಗೆರೆ ದಾಟಿ ಒಂದು ಬೆರಳು, ಎರಡು ಬೆರಳು, ಚಿತ್ರದ ಸಿಯಾಸಿಯ ಮೂಗನ್ನು ಎಳೆದೇ ಎಳೆದಳು, ಅಮ್ಮ ಬಂದು ಕಲ್ಲಿನ ಮೇಲೆ ಬೆರಳಾಡಿಸಿ, ನಿನ್ನ ಉಳಿಗೆ ತುಂಬಾ ಕೋಪ ಬಂದಂಗಿದೆ, ಅಂದಳು, ತಡೆಯಲಿಲ್ಲ, ಶಾಯಿ ಬಳಿದು, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಎತ್ತಿದರೆ ಐವತ್ತು ಪ್ರತಿಯಲ್ಲೂ ಅದೇ ಮೂಗು, ಕ್ಯಾಟಲಾಗಿನಲ್ಲಿ ನೋಡಿ ಸಿಯಾಸಿ ಫೋನು ಮಾಡಿದಾಗ ಬಾಯಿಗೆ ಬಂದದ್ದು ಒಂದೇ, ಉಳಿ ಜಾರ್ತು ಕಣೇ, ಆಚೆ ಕಡೆ ಫೋನು ಕುಕ್ಕಿದ ಸದ್ದು.

ಹಿಂದಿನಿಂದ ಯಾರೋ ಮೂಗಿನಲ್ಲಿ ಫುಸ್ಸೆಂದು ನಕ್ಕರು. ಲೀಟಿಯಾಳ ಬೆನ್ನು ನೆಟ್ಟಗಾಯಿತು, ಆ ನಗು ಜಗತ್ತಿನಲ್ಲಿ ಒಬ್ಬಳದೇ, ತಿರುಗಬೇಡ, ತಿರುಗಿದರೆ ಹೋಗಿಬಿಟ್ಟಾಳು, ಅಷ್ಟರಲ್ಲಿ ಕನ್ನಡಕದ ಹುಡುಗಿ, ಈ ಕಲ್ಲು ಕೆತ್ತಿದವರು ಇಲ್ಲೇ ಇದ್ದಾರೆ, ಎರಡು ಮಾತಾಡಿ ಅಮ್ಮಾ, ಅಂದಳು, ಲೀಟಿಯಾಳ ಜೇಬಿನಲ್ಲಿ ಬರೆದು ತಂದ ಚೀಟಿ ಇದೆ, ಪರಂಪರೆ, ಕೃತಜ್ಞತೆ, ಏನೇನೋ, ಬೆರಳು ಅದನ್ನು ಮುಟ್ಟಿ ಬಿಟ್ಟಿತು, ಬಾಯಿ ತಾನೇ ಹೇಳಿಬಿಟ್ಟಿತು, ಇದು ಆತ್ಮ ಅಲ್ಲ, ನನ್ನ ತಂಗಿ, ಅವಳ ಮೂಗು ಇಷ್ಟುದ್ದ ಇಲ್ಲ, ಉಳಿ ಜಾರಲೂ ಇಲ್ಲ, ಸಿಟ್ಟು ಬಂದಿತ್ತು, ಬೇಕಂತಲೇ ಎಳೆದೆ, ಹನ್ನೊಂದು ವರ್ಷದಿಂದ ಸುಳ್ಳು ಹೇಳ್ತಾ ಇದ್ದೀನಿ — ಹುಡುಗಿ ಕನ್ನಡಕ ತೆಗೆದು ಒರೆಸಿಕೊಂಡಳು, ಆಗ ಹಿಂದಿನಿಂದ ಅವರದೇ ಇನುಕ್ಟಿಟುಟ್ ಮಾತಿನಲ್ಲಿ, ಊರಿಗೆಲ್ಲ ಕೇಳಿಸುವ ಹಾಗೆ, ಇಷ್ಟೂ ಜನರ ಮುಂದೆ ನನ್ನ ಮೂಗಿನ ಮಾನ ಕಳೀಬೇಕಿತ್ತೇನೇ ಅಕ್ಕ, ಫೋನಲ್ಲಿ ಹೇಳಿದ್ರೆ ನಾಲಿಗೆ ಸವೀತಿತ್ತಾ, ಜಾರಿದ ಉಳಿ ಯಾವತ್ತಾದ್ರೂ ಇಷ್ಟು ಚೆಂದ ಕೆತ್ತುತ್ತಾ! ಲೀಟಿಯಾ ತಿರುಗಿದಳು, ಸಿಯಾಸಿ, ಕೂದಲು ಬಿಳಿಯಾಗಿದೆ, ದಪ್ಪಗಾಗಿದ್ದಾಳೆ, ನಗುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ, ಬಂದವಳೇ ಲೀಟಿಯಾಳ ಕೈ ಹಿಡಿದು ಮಗುಚಿ ನೋಡಿ, ಇನ್ನೂ ಗೀರುತ್ತೆ, ಅಂದು ಆ ಅಂಗೈಯನ್ನು ತನ್ನ ಕೆನ್ನೆಗೇ ಒತ್ತಿಕೊಂಡಳು, ಅರ್ಥವಾಗದ ಗುಂಪೂ ನಗತೊಡಗಿತು, ಯಾರೋ ಚಪ್ಪಾಳೆ ಕೂಡ ತಟ್ಟಿದರು.

ಆಮೇಲೆ ಸಿಯಾಸಿಯ ಕೋಟಿನ ಹಿಂದಿನಿಂದ ನಾಲ್ಕು ವರ್ಷದ ಒಂದು ಮುಖ ಇಣುಕಿತು, ಅವಳ ಮೊಮ್ಮಗಳು, ಅಮ್ಮನ ಹೆಸರೇ ಇಟ್ಟಿದ್ದಾರೆಂದು ಲೀಟಿಯಾ ಊರಿನ ರೇಡಿಯೋದಲ್ಲಿ ಕೇಳಿದ್ದಳು, ಕೌನಾಕ್, ತೀರಿಹೋದವರ ಹೆಸರು ಹೊತ್ತು ಬಂದ ಕೂಸು ಆ ಹೋದವರೇ ಎನ್ನುತ್ತದೆ ಊರು, ಹಾಗಾದರೆ ಎದುರಿಗೆ ನಿಂತಿರುವುದು — ಅಮ್ಮಾ, ಎಂದಳು ಲೀಟಿಯಾ, ಮಂಡಿಯೂರಿ ಕೂತಳು, ಮಗು ಅವಳನ್ನು ಮೇಲಿಂದ ಕೆಳಗೆ ಅಳೆದು, ನೀನೇನಾ ನನ್ನ ದೊಡ್ಡ ಮಗಳು, ನನ್ನ ನೋಡೋಕೆ ಯಾಕೆ ಬರ್ಲಿಲ್ಲ, ಅಂತು, ತಪ್ಪಾಯ್ತಮ್ಮ, ಅಂದಳು ಲೀಟಿಯಾ, ಇಬ್ರೂ ಇನ್ಮೇಲೆ ಜಗಳ ಆಡ್ತೀರಾ, ಇಲ್ಲಮ್ಮ, ಸಿಯಾಸಿಯೂ ಪಕ್ಕದಲ್ಲಿ ತಲೆ ತಗ್ಗಿಸಿ, ಇಲ್ಲಮ್ಮ, ಆಗ ಮಗು ಎರಡೂ ಕೈಯಿಂದ ಲೀಟಿಯಾಳ ಮುಖ ಹಿಡಿದು, ಮುತ್ತಿಡಲು, ಊರಿನಲ್ಲಿ ಇಡುವ ಹಾಗೆಯೇ, ತನ್ನ ಮೂಗನ್ನು ಅವಳ ಕೆನ್ನೆಗೆ ಒತ್ತಿ, ಜೋರಾಗಿ ಉಸಿರೆಳೆದುಕೊಂಡಿತು — ಪುಟ್ಟ ಮೂಗು, ತಣ್ಣಗೆ, ಒದ್ದೆ, ಒತ್ತಿದ್ದು ಒತ್ತಿದ ಹಾಗೇ, ಆ ಮೂಗು, ಅಮ್ಮ ಪೆನ್ಸಿಲಿನಲ್ಲಿ ಬರೆದಿದ್ದ ಅಷ್ಟೇ ಪುಟ್ಟ ಮೂಗು —